ಮೇಣದಬತ್ತಿ, ಲೋಟ, ಕಟ್ ಇಲ್ಲದ ಒಂದು ಶಾಟ್

ಮನೆಯಲ್ಲಿ ಮಾಡುವ ಪ್ರಯೋಗದ ವಿಡಿಯೊದಲ್ಲಿ ಕಾರಣವೂ ಪರಿಣಾಮವೂ ಒಂದೇ ಶಾಟ್‌ನಲ್ಲಿರಬೇಕು. ನಡುವೆ ಕಟ್ ಬಿದ್ದರೆ ನೋಡುವವರಿಗೆ ಅದು ಕೈಚಳಕ.

ಮೇಣದಬತ್ತಿಯ ಹಳೆಯ ಪ್ರಯೋಗವನ್ನೇ ನೋಡಿ. ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ಬಣ್ಣದ ನೀರು, ನಡುವೆ ಗಿಡ್ಡ ಮೇಣದಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಲೋಟದ ಅಂಚು ತಟ್ಟೆಗೆ ಅಂಟಿ ಕೂತರೆ ನೀರಿಗೆ ದಾರಿಯಿರದು. ಅಡಿಗೆ ಎರಡು ನಾಣ್ಯ ಇಡಿ. ಜ್ವಾಲೆ ಆರುತ್ತದೆ, ನೀರು ಒಳಗೆ ಏರುತ್ತದೆ. ‘ಆಮ್ಲಜನಕ ಉರಿದುಹೋಯಿತು, ಆ ಜಾಗಕ್ಕೆ ನೀರು ಬಂತು’ ಎಂದು ಹೇಳಿ ಮುಗಿಸುವವರೇ ಹೆಚ್ಚು. ಆ ವಿವರಣೆ ತಪ್ಪು, ಅದನ್ನು ಕ್ಯಾಮೆರಾವೇ ತೋರಿಸಬಲ್ಲದು. ಫೋನನ್ನು ನೀರಿನ ಮಟ್ಟಕ್ಕೆ ಇಳಿಸಿ, ಲೋಟದ ಅಂಚನ್ನು ಹತ್ತಿರದಿಂದ ಹಿಡಿಯಿರಿ. ಲೋಟ ಕೂರಿಸಿದೊಡನೆ ಅಂಚಿನಿಂದ ಗುಳ್ಳೆಗಳು ಹೊರಬರುವುದು ಕಾಣಬಹುದು. ಬಿಸಿಯಾಗಿ ಹಿಗ್ಗಿದ ಗಾಳಿ ಅದು. ನೀರು ಬಹುಪಾಲು ಏರುವುದು ಜ್ವಾಲೆ ಆರಿದ ಮೇಲೆ, ಉಳಿದ ಗಾಳಿ ತಣಿದು ಕುಗ್ಗಿದಾಗ. ಲೋಟ ಪೂರ್ತಿ ತಣಿದ ಮೇಲೆ ಮೂರು ಬತ್ತಿ ಹಚ್ಚಿ ಇನ್ನೊಂದು ಟೇಕ್ ತೆಗೆಯಿರಿ. ನೀರು ಇನ್ನೂ ಮೇಲೇರುತ್ತದೆ. ಆಮ್ಲಜನಕವೊಂದೇ ಕಾರಣವಾಗಿದ್ದರೆ ಬತ್ತಿ ಹೆಚ್ಚಿದರೂ ಮಟ್ಟ ಹೆಚ್ಚಬಾರದಿತ್ತು.

ಈ ಶಾಟ್ ಹಾಳಾಗುವುದು ಹೆಚ್ಚಾಗಿ ಆಟೊ ಎಕ್ಸ್‌ಪೋಶರ್‌ನಿಂದ, ಅಂದರೆ ಚಿತ್ರದ ಬೆಳಕನ್ನು ಫೋನ್ ತಾನಾಗಿಯೇ ಹೊಂದಿಸುವುದರಿಂದ. ಜ್ವಾಲೆ ಆರಿದ ಕ್ಷಣ ಫೋನ್ ತಾನೇ ಚಿತ್ರವನ್ನು ಬೆಳಗಿಸುತ್ತದೆ, ಮುಖ್ಯ ಗಳಿಗೆಯೇ ಬಿಳಚಿಕೊಳ್ಳುತ್ತದೆ. ಪರದೆಯನ್ನು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಶರ್ ಎರಡನ್ನೂ ಲಾಕ್ ಮಾಡಿ. ಹಿಂದೆ ಕಪ್ಪು ರಟ್ಟು, ಬೆಳಕು ಪಕ್ಕದಿಂದ. ಎದುರಿನಿಂದ ಬಂದರೆ ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ.

ಒಬ್ಬರೇ ಚಿತ್ರೀಕರಿಸುವಾಗ ಹಿಂಬದಿ ಕ್ಯಾಮೆರಾ ಬಳಸಿ. ಸಾಮಾನ್ಯವಾಗಿ ಅದರ ಗುಣಮಟ್ಟವೇ ಮೇಲು. ಫ್ರೇಮಿನ ಗಡಿ ಕಾಣದ ಕಾರಣ ಮೇಜಿನ ಮೇಲೆ ಟೇಪಿನಿಂದ ಗುರುತು ಹಾಕಿಕೊಳ್ಳಿ. ಬೆಳಕು ಬರುವ ಕಡೆಯಿಂದ ಕೈ ಚಾಚಿದರೆ ನೆರಳು ನೀರಿನ ಮೇಲೇ ಬೀಳುತ್ತದೆ. ಜ್ವಾಲೆಗೆ ತಾಗದಂತೆ ಅಂಗಿಯ ತೋಳು ಮಡಚಿ, ಕೂದಲು ಕಟ್ಟಿರಿ.

ಹಾಲಿನ ಮೇಲೆ ಬಣ್ಣದ ಹನಿ ಹಾಕಿ ಪಾತ್ರೆ ತೊಳೆಯುವ ದ್ರವ ಮುಟ್ಟಿಸುವ ಪ್ರಯೋಗಕ್ಕೆ ಒಂದು ತಟ್ಟೆಗೆ ಒಂದೇ ಟೇಕ್. ಸೋಪಿನ ಅಂಶ ಉಳಿದ ತಟ್ಟೆಯಲ್ಲಿ ಬಣ್ಣ ಸರಿಯಾಗಿ ಓಡುವುದಿಲ್ಲ.

ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್‌ಗೆ ಹಗಲು ಬೆಳಕೇ ಸರಿ, ಅನೇಕ ಬಲ್ಬುಗಳು ಅದರಲ್ಲಿ ಮಿನುಗುತ್ತವೆ. ಉಪ್ಪಿನ ಹರಳು ಬೆಳೆಯುವ ಟೈಮ್‌ಲ್ಯಾಪ್ಸ್‌ಗೆ (ಗಂಟೆಗಳ ಬದಲಾವಣೆಯನ್ನು ಸೆಕೆಂಡುಗಳಲ್ಲಿ ತೋರಿಸುವ ವಿಡಿಯೊ) ಇದು ತಿರುಗುಮುರುಗು. ಹಗಲು ಬೆಳಕು ಗಂಟೆಗಂಟೆಗೂ ಬದಲಾಗುವುದರಿಂದ ಪರದೆ ಎಳೆದು ಒಂದೇ ದೀಪ ಇಡಿ. ನಿಮಿಷಕ್ಕೊಂದು ಚಿತ್ರದಂತೆ ಐದು ಗಂಟೆಗೆ 300 ಚಿತ್ರ. ಸೆಕೆಂಡಿಗೆ 30ರಂತೆ ಓಡಿಸಿದರೆ ಸಿಗುವುದು ಹತ್ತೇ ಸೆಕೆಂಡ್. ಫೋನನ್ನು ಚಾರ್ಜಿಗೆ ಹಾಕಿಯೇ ಶುರುಮಾಡಿ.