ಹಳೇ ಜೀಪಿಗೆ ದೊಡ್ಡ ಟೈರ್ ಹಾಕಿಸಿದ್ರೆ ಕೆಸರಲ್ಲಿ ಹೂತುಕೊಳ್ಳೋದು ತಪ್ಪುತ್ತಾ?

ಪ್ರಶ್ನೆ: ನಮ್ಮ ಮನೆಯಲ್ಲಿ ತಂದೆಯವರ ಕಾಲದ ಮಹೀಂದ್ರ ಎಂಎಂ 540 ಜೀಪಿದೆ. ಫೋರ್ ವೀಲ್ ಡ್ರೈವ್. ಮಳೆಗಾಲದಲ್ಲಿ ತೋಟದ ರಸ್ತೆಯಲ್ಲಿ ಪದೇ ಪದೇ ಹೂತುಕೊಳ್ಳುತ್ತದೆ. 31 ಇಂಚಿನ ಅಗಲ ಟೈರ್ ಹಾಕಿಸಿ, ಗಾಡಿ ಸ್ವಲ್ಪ ಎತ್ತರ ಮಾಡಿಸಿದ್ರೆ ಸರಿಹೋಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಮಾಡಿಸಬಹುದಾ?

ಉತ್ತರ: ಈಗಲೇ ಬೇಡ. ಆ ದುಡ್ಡು ಹಾಗೇ ಇರಲಿ. ನಿಮ್ಮ ಜೀಪು ಹೂತುಕೊಳ್ಳೋದಕ್ಕೆ ಟೈರ್ ಚಿಕ್ಕದಾಗಿರೋದು ಕಾರಣ ಇರಲಿಕ್ಕಿಲ್ಲ. ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪುಗಳನ್ನೇ ಒಮ್ಮೆ ಗಮನಿಸಿ. ಹೆಚ್ಚಿನವು ತೆಳು ಟೈರಿನವೇ. ಆ ದಾರಿಯಲ್ಲಿ ವರ್ಷಗಟ್ಟಲೆ ಓಡಿಸಿದವರು ಅದನ್ನು ಸುಮ್ನೆ ಉಳಿಸಿಕೊಂಡಿಲ್ಲ.

ಮೊದಲು ಲೆಕ್ಕ ನೋಡೋಣ. ನಿಮ್ಮ ಜೀಪಿಗೆ ಕಂಪನಿ ಕೊಟ್ಟಿದ್ದು 6.00-16 ಟೈರ್. ಅದರ ಎತ್ತರ ಸುಮಾರು 28.5 ಇಂಚು. 31 ಇಂಚಿನದು ಹಾಕಿದರೆ ಎತ್ತರ ಎರಡೂವರೆ ಇಂಚು ಜಾಸ್ತಿಯಾಗುತ್ತದೆ. ಆದರೆ ಹೌಸಿಂಗ್, ಅಂದರೆ ಎರಡು ಚಕ್ರಗಳ ನಡುವೆ ಆಕ್ಸಲನ್ನು ಮುಚ್ಚಿರುವ ಕಬ್ಬಿಣದ ಕವಚ, ನೆಲದಿಂದ ಮೇಲೇಳೋದು ಅದರ ಅರ್ಧ ಮಾತ್ರ, ಅಂದರೆ ಒಂದೂಕಾಲು ಇಂಚು. ಗಾಡಿಯ ಭಾರ ಹೊರುವ ಸ್ಪ್ರಿಂಗ್, ಅಂದರೆ ಕಮಾನ್ ಪಟ್ಟಿ ಬದಲಿಸಿ ಗಾಡಿ ಎತ್ತಿಸಿದರೆ ಬಾಡಿ ಮೇಲೇಳುತ್ತದೆ, ಹೌಸಿಂಗ್ ಇದ್ದಲ್ಲೇ ಇರುತ್ತದೆ. ಕಲ್ಲಿಗೆ ತಾಗೋದು ಹೌಸಿಂಗೇ ಅಲ್ವಾ?

ಈ ಒಂದೂಕಾಲು ಇಂಚಿಗೆ ಕೊಡಬೇಕಾದ ಬೆಲೆ ದೊಡ್ಡದು. ಟೈರ್ ಸುಮಾರು ಶೇಕಡ 9ರಷ್ಟು ದೊಡ್ಡದಾದರೆ ಎಲ್ಲ ಗೇರುಗಳೂ ಅಷ್ಟೇ ಭಾರವಾಗುತ್ತವೆ. ನಿಮ್ಮ ಎಂಜಿನ್ 2112 ಸಿಸಿಯ ಪೂಜೋ ಡೀಸೆಲ್, ಸುಮಾರು 60 ಕುದುರೆ ಶಕ್ತಿಯದ್ದು. ಸೆಕೆಂಡ್ ಗೇರಲ್ಲಿ ಹತ್ತುತ್ತಿದ್ದ ಏರಿಗೆ ಫಸ್ಟ್ ಬೇಕಾಗುತ್ತದೆ, ಕ್ಲಚ್ ಬೇಗ ಸವೆಯುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 65ರಲ್ಲಿ ಓಡುತ್ತಿರುತ್ತದೆ. ಬ್ರೇಕು ಮಾತ್ರ ಅದೇ ಹಳೇ ಡ್ರಮ್ಮು. ತೂಕದ ಟೈರ್ ಕಟ್ಟಿಕೊಂಡು ಮಳೆಯಲ್ಲಿ ಚಾರ್ಮಾಡಿ ಇಳಿಯುವಾಗ ಆ ಡ್ರಮ್ಮುಗಳ ಮೇಲೆ ಎಷ್ಟು ಭಾರ ಬೀಳುತ್ತದೆ ಯೋಚಿಸಿ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇರೋದು ಇದರದ್ದೇ.

ಇನ್ನು ಅಗಲದ ವಿಷಯ. ಮಲೆನಾಡಿನ ತೋಟದ ರಸ್ತೆಯಲ್ಲಿ ಸಾಮಾನ್ಯವಾಗಿ ಮೇಲೆ ನಾಲ್ಕಾರು ಇಂಚು ಕೆಸರು, ಅಡಿಯಲ್ಲಿ ಗಟ್ಟಿ ನೆಲ. ತೆಳು ಟೈರ್ ಕೆಸರನ್ನು ಸೀಳಿ ಆ ಗಟ್ಟಿ ನೆಲ ಹಿಡಿಯುತ್ತದೆ. ಅಗಲ ಟೈರ್ ಮೇಲೆಯೇ ಜಾರುತ್ತದೆ. ಸಮುದ್ರ ದಂಡೆಯ ಮರಳಲ್ಲಿ ಲೆಕ್ಕ ಉಲ್ಟಾ, ಅಲ್ಲಿ ಅಗಲವೇ ಬೇಕು. ಆದರೆ ನೀವು ಓಡಿಸೋದು ಮರಳಲ್ಲಿ ಅಲ್ಲ. ಇನ್ನೊಂದು ಮಾತು. ಜೋರು ಮಳೆ ತಿಂಗಳಲ್ಲಿ ತೋಟದವರು ಟೈರಿಗೆ ಚೈನ್ ಕಟ್ಟುತ್ತಾರಲ್ಲ, ಅದಕ್ಕೆ ಟೈರಿಗೂ ಕಮಾನ್ ಪಟ್ಟಿಗೂ ನಡುವೆ ಜಾಗ ಬೇಕು. ಹತ್ತೂವರೆ ಇಂಚು ಅಗಲದ ಈ 31 ಇಂಚಿನ ಟೈರ್ ಹಾಕಿದ ಮೇಲೆ ಆ ಜಾಗ ಉಳಿಯೋದು ಕಷ್ಟ. ಕೆಸರಲ್ಲಿ ಚೈನಿನಷ್ಟು ಕೆಲಸಕ್ಕೆ ಬರುವ ವಸ್ತು ಬೇರೆ ಇಲ್ಲ. ಅದನ್ನೇ ಕಳೆದುಕೊಂಡು ಟೈರ್ ದೊಡ್ಡದು ಮಾಡಿ ಏನು ಪ್ರಯೋಜನ?

ಹಾಗಾದರೆ ಜೀಪು ಹೂತುಕೊಳ್ಳೋದು ಯಾಕೆ? ನನ್ನ ಮೊದಲ ಅನುಮಾನ, ನಿಮ್ಮ ಫೋರ್ ವೀಲ್ ನಿಜವಾಗಿ ಕೆಲಸ ಮಾಡುತ್ತಿಲ್ಲ. ಹಳೇ ಜೀಪುಗಳಲ್ಲಿ ಇದು ತುಂಬ ಸಾಮಾನ್ಯ. ಡೀಸೆಲ್ ಉಳಿಯಲಿ ಅಂತ ಯಾರೋ ಮುಂದಿನ ಪ್ರೊಪೆಲರ್ ಶಾಫ್ಟ್, ಅಂದರೆ ಮುಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ದಂಡ, ಬಿಚ್ಚಿಟ್ಟಿರುತ್ತಾರೆ. ಇಲ್ಲವೇ ಚಕ್ರವನ್ನು ಆಕ್ಸಲಿಗೆ ಜೋಡಿಸುವ ಮುಂದಿನ ಹಬ್ಬು ಕೈ ಕೊಟ್ಟಿರುತ್ತದೆ. ಲಿವರ್ ಎಳೆದರೆ ಬರುತ್ತದೆ, ಹಾಗಾಗಿ ಒಳಗೆ ಏನೂ ಆಗುತ್ತಿಲ್ಲ ಅನ್ನೋದು ಓಡಿಸುವವರಿಗೆ ಗೊತ್ತೇ ಆಗೋದಿಲ್ಲ.

ಇದನ್ನು ಮನೆಯಲ್ಲೇ ನೋಡಬಹುದು, ಒಂದು ಜಾಕ್ ಸಾಕು. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಮುಂದಿನ ಒಂದೇ ಚಕ್ರ ಎತ್ತಿ. ಹಬ್ಬಿಗೆ ಲಾಕ್ ಇದ್ದರೆ ಎರಡೂ ಕಡೆ ಲಾಕ್ ಮಾಡಿ, ಫೋರ್ ವೀಲ್ ಹಾಕಿ. ಈಗ ಆ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಎಲ್ಲ ಸರಿ ಇದ್ದರೆ ಅದು ಚೂರು ಅಲ್ಲಾಡಿ ನಿಲ್ಲಬೇಕು, ಸುತ್ತಬಾರದು. ಸಲೀಸಾಗಿ ಸುತ್ತಿದರೆ ಎಲ್ಲೋ ಕೊಂಡಿ ತಪ್ಪಿದೆ ಅಂತ ಅರ್ಥ. ಹಬ್ಬು, ಒಳಗಿನ ಆಕ್ಸಲ್, ಪ್ರೊಪೆಲರ್ ಶಾಫ್ಟ್, ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಹೀಗೆ ಒಂದೊಂದೇ ನೋಡುತ್ತ ಹೋಗಬೇಕು.

ಚಕ್ರ ಮೇಲಿರುವಾಗಲೇ ಇನ್ನೊಂದು ಕೆಲಸ ಮುಗಿಸಿ. ಚಕ್ರದ ಮೇಲ್ತುದಿಗೆ ಒಂದು ಕೈ, ಕೆಳತುದಿಗೆ ಒಂದು ಕೈ ಇಟ್ಟು ಒಳಗೂ ಹೊರಗೂ ಅಲ್ಲಾಡಿಸಿ. ಕಟ ಕಟ ಅಂತ ಆಟ ಸಿಕ್ಕಿದರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಚಕ್ರದ ಬೇರಿಂಗ್ ಸಡಿಲವಾಗಿದೆ. ಬ್ರೇಕ್ ಒತ್ತಿದಾಗಲೂ ಆಟ ಹಾಗೇ ಇದ್ದರೆ ಕಿಂಗ್‌ಪಿನ್, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಗೂಟ, ಅದರ ಬೇರಿಂಗ್ ಹೋಗಿದೆ. 50, 60ರ ವೇಗದಲ್ಲಿ ಸ್ಟೇರಿಂಗ್ ಗಡಗಡ ನಡುಗೋದಕ್ಕೆ ಬಹಳ ಸಲ ಇದೇ ಕಾರಣ. ಅದಕ್ಕೆ ನಡುಕ ಹೀರುವ ಸ್ಟೇರಿಂಗ್ ಡ್ಯಾಂಪರ್ ಹಾಕಿ ನಡುಕ ಮುಚ್ಚಿಬಿಡುವುದು ಗ್ಯಾರೇಜುಗಳಲ್ಲಿ ರೂಢಿ. ಒಪ್ಪಬೇಡಿ. ಬೇರಿಂಗ್ ಬದಲಿಸಿ, ಶಿಮ್ (ಬಿಗಿ ಸರಿಹೊಂದಿಸುವ ತೆಳು ತಗಡು) ಲೆಕ್ಕ ಹಾಕಿ ಕೂರಿಸಿಕೊಡಿ ಅಂತ ಕೇಳಿ. ಸವೆದ ಕಿಂಗ್‌ಪಿನ್ ಮೇಲೆ 31 ಇಂಚಿನ ಟೈರ್ ತೂಕ ಹೇರಿದರೆ ನಡುಕ ಎಷ್ಟಾಗಬಹುದು ಅನ್ನೋದನ್ನು ಬೇರೆ ಹೇಳಬೇಕಿಲ್ಲ.

ಮುಂದಿನದು ಆಯಿಲ್. ಹೌಸಿಂಗ್ ಮೇಲೆ ಒಳಗಿನ ಗಾಳಿ ಹೋಗಿ ಬರಲು ಬ್ರೀದರ್ ಅಂತ ಚಿಕ್ಕದೊಂದು ಮುಚ್ಚಳವಿರುತ್ತದೆ. ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಮಣ್ಣಿನಿಂದ ಕಟ್ಟಿಕೊಂಡಿದ್ದರೆ ಆಯಿಲ್ ಸೀಲಿನ ಸಂದಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಬ್ರೀದರ್ ತೆರೆದಿದ್ದು ಅದೇ ನೀರಲ್ಲಿ ಮುಳುಗಿದರೆ ಅಲ್ಲಿಂದಲೇ ಒಳಗೆ ಹೋಗುತ್ತದೆ. ಹೌಸಿಂಗಿನ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಿ. ಆಮೇಲೆ ಬ್ರೀದರ್ ಜಾಗಕ್ಕೆ ಒಂದು ರಬ್ಬರ್ ಪೈಪ್ ಜೋಡಿಸಿ, ಇನ್ನೊಂದು ತುದಿಯನ್ನು ಎಂಜಿನ್ ಬೇಯ ಮೇಲ್ಭಾಗಕ್ಕೆ ಕಟ್ಟಿಸಿ. ಹಳೇ ಜೀಪಿಗೆ ಮಾಡಿಸಬಹುದಾದ ಮಾಡಿಫಿಕೇಶನ್‌ಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ಖರ್ಚು ಕಮ್ಮಿ, ಉಪಯೋಗ ವರ್ಷಗಟ್ಟಲೆ.

ಓಡಿಸುವಾಗಲೂ ಒಂದೆರಡು ವಿಷಯ ನೆನಪಿರಲಿ. ಕೆಸರು ಬರುವ ಮೊದಲೇ ಫೋರ್ ವೀಲ್ ಹಾಕಿ, ಹೂತುಕೊಂಡ ಮೇಲಲ್ಲ. ಟೈರಿನ ಗಾಳಿ 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿದರೆ ಹಿಡಿತ ಚೆನ್ನಾಗಿ ಸಿಗುತ್ತದೆ. ಅದಕ್ಕಿಂತ ತುಂಬ ಇಳಿಸಬೇಡಿ. ಟ್ಯೂಬ್ ಟೈರ್ ಆದ್ದರಿಂದ ರಿಮ್ ಮೇಲೆ ಟೈರ್ ಜಾರಿ ಟ್ಯೂಬಿನ ಕಂಠ, ಅಂದರೆ ಗಾಳಿ ಹೊಡೆಯುವ ವಾಲ್ವಿನ ಬುಡ ಹರಿಯುತ್ತದೆ. ಟಾರು ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಿಸಿ, ಫೋರ್ ವೀಲ್ ತೆಗೆಯಿರಿ. ಹಳ್ಳ ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಒತ್ತುತ್ತ ಸ್ವಲ್ಪ ದೂರ ಓಡಿಸಿ ಡ್ರಮ್ ಒಣಗಿಸಿ.

ಕಾನೂನಿನ ಮಾತು ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಅಂತ ಸೇರಿತು. ನಿಮ್ಮ ಜೀಪಿಗೆ 15 ವರ್ಷ ದಾಟಿ ಬಹಳ ಕಾಲವಾಗಿದೆ. ಐದೈದು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಲು ಆರ್‌ಟಿಒಗೆ ಹೋಗಲೇಬೇಕು. ಎತ್ತರಿಸಿದ ಗಾಡಿ, ಬಾಡಿಯಿಂದ ಹೊರಗೆ ಚಾಚಿದ ಟೈರ್ ಅಲ್ಲಿ ತಕ್ಷಣ ಕಣ್ಣಿಗೆ ಬೀಳುತ್ತವೆ.

ಇಷ್ಟೆಲ್ಲ ಸರಿ ಮಾಡಿಸಿದ ಮೇಲೆ ಟೈರ್ ಸವೆದಿದ್ದರೆ ಅದೇ 6.00-16ರಲ್ಲಿ ದಪ್ಪ ಬಟನ್ನಿನ ಟೈರ್ ಹಾಕಿಸಿ. ತೋಟಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆದರೆ ದಯವಿಟ್ಟು ಹಿಂದಿನ ಎರಡಕ್ಕೆ ಮಾತ್ರ ಹೊಸದು, ದೊಡ್ಡದು ಅಂತ ಹಾಕಿಸಬೇಡಿ. ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಶಾಫ್ಟು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಟೈರಿನ ಸುತ್ತಳತೆ ಬೇರೆ ಬೇರೆಯಾದರೆ ಆ ಎಳೆದಾಟ ಪೂರ್ತಿ ಬೀಳೋದು ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳ ಮೇಲೆ. ನಾಲ್ಕೂ ಒಂದೇ ಕಂಪನಿ, ಒಂದೇ ಅಳತೆ ಇರಲಿ. ಸ್ಟೆಪ್ನಿಯೂ ಅದೇ ಅಳತೆಯದ್ದಿರಲಿ, ಪಂಚರ್ ಆದ ದಿನ ಅದನ್ನೇ ಹಾಕಿಕೊಂಡು ಕೆಸರಿಂದ ಹೊರಗೆ ಬರಬೇಕಾಗುತ್ತದೆ.