ಸುತ್ತಿಕೊಂಡ ಕೂದಲು, ನಿಂತುಹೋದ ಬ್ರಷ್

ಹೋದ ತಿಂಗಳು ಒಂದು ಭಾನುವಾರ ಅಕ್ಕ ಫೋನ್ ಮಾಡಿದಳು. "ವ್ಯಾಕ್ಯೂಮ್ ಕ್ಲೀನರ್ ಕೈ ಕೊಟ್ಟಿದೆ ಕಣೋ. ಸದ್ದು ಬರುತ್ತೆ, ಗಾಳಿನೂ ಎಳೆಯುತ್ತೆ. ಕೆಳಗಿನ ಬ್ರಷ್ ಮಾತ್ರ ತಿರುಗ್ತಾ ಇಲ್ಲ. ಸರ್ವಿಸ್‌ನವರು ಹೆಡ್, ಅಂದ್ರೆ ಬ್ರಷ್ ಇರೋ ಕೆಳಗಿನ ಭಾಗ, ಪೂರ್ತಿ ಬದಲಾಯಿಸ್ಬೇಕು ಅಂತಿದ್ದಾರೆ." ಹೊಸ ಹೆಡ್‌ಗೆ ಅವರು ಹೇಳಿದ ಬೆಲೆ ಇಡೀ ಯಂತ್ರದ ಬೆಲೆಯ ಮೂರನೇ ಒಂದು ಭಾಗದಷ್ಟಿತ್ತು.

"ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ತಿರುಗುತ್ತಾ?" ಎಂದು ಕೇಳಿದೆ.

"ಹೂಂ, ಅರ್ಧ ಗಂಟೆ ಬಿಟ್ಟರೆ ತಿರುಗುತ್ತೆ. ಎರಡು ನಿಮಿಷ ಆದಮೇಲೆ ಮತ್ತೆ ಅದೇ ಕಥೆ."

ನನಗೆ ಅಷ್ಟು ಸಾಕಾಗಿತ್ತು. ಸುಟ್ಟುಹೋದ ಮೋಟಾರು ಅರ್ಧ ಗಂಟೆ ಸುಧಾರಿಸಿಕೊಂಡು ಎದ್ದು ಓಡುವುದಿಲ್ಲ. ಅಂದರೆ ಮೋಟಾರು ಚೆನ್ನಾಗಿಯೇ ಇದೆ, ಏನೋ ಅದನ್ನು ಹಿಡಿದು ನಿಲ್ಲಿಸುತ್ತಿದೆ. ಅಕ್ಕನಿಗೂ ಅವಳ ಇಬ್ಬರು ಹೆಣ್ಣುಮಕ್ಕಳಿಗೂ ಸೊಂಟದ ತನಕ ಕೂದಲು. ಹಿಡಿದಿರುವುದು ಏನು ಅಂತ ಆಗಲೇ ಗೊತ್ತಾಯಿತು. ಎಲ್ಲಿ ಅನ್ನುವುದನ್ನಷ್ಟೇ ನೋಡಬೇಕಿತ್ತು.

ಮಧ್ಯಾಹ್ನ ಅವಳ ಮನೆಗೆ ಹೋದೆ. ಮೊದಲು ಬ್ಯಾಟರಿ ತೆಗೆದು ಪಕ್ಕಕ್ಕಿಟ್ಟೆವು. ಇದನ್ನು ಯಾರೂ ಮರೆಯಬಾರದು. ಸಿಕ್ಕಿಕೊಂಡ ಬ್ರಷ್ ಕೈಯಲ್ಲಿ ಬಿಡಿಸುವಾಗ ಥಟ್ಟನೆ ತಿರುಗಿದರೆ ಬೆರಳಿಗೆ ಅಪಾಯ. ಆಮೇಲೆ ಹೆಡ್ ಮಗುಚಿ ಹಾಕಿ, ಬ್ರಷ್ ಉರುಳೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದೆ. ಬಿಗಿಯಾಗಿತ್ತು. ಅರ್ಧ ಸುತ್ತು ಬಂದು ನಿಲ್ಲುತ್ತಿತ್ತು. "ಕೂದಲೆಲ್ಲ ಕತ್ತರಿಯಲ್ಲಿ ಕತ್ತರಿಸಿ ತೆಗೆದಿದ್ದೀನಿ, ನೋಡು ಎಷ್ಟು ಕ್ಲೀನಾಗಿದೆ" ಎಂದಳು ಅಕ್ಕ. ಹೌದು, ಉರುಳೆಯ ಮೈ ಶುಭ್ರವಾಗಿತ್ತು.

ಹೆಡ್‌ನ ಒಂದು ಪಕ್ಕದಲ್ಲಿ ನಾಣ್ಯ ಕೂರುವಷ್ಟು ಗಾತ್ರದ ಒಂದು ಗೀರು ಇತ್ತು. ಐದು ರೂಪಾಯಿ ನಾಣ್ಯ ಇಟ್ಟು ಕಾಲು ಸುತ್ತು ತಿರುಗಿಸಿದೆ. ಉರುಳೆ ಹೊರಗೆ ಬಂತು. ಅದರ ತುದಿಯ ಪ್ಲಾಸ್ಟಿಕ್ ಮುಚ್ಚಳವನ್ನು ಎಳೆದು ತೆಗೆದಾಗ ಅಲ್ಲಿ ಉರುಳೆಯನ್ನು ಸಲೀಸಾಗಿ ತಿರುಗಲು ಬಿಡುವ ಬೇರಿಂಗೇ ಕಾಣಲಿಲ್ಲ. ಬೇರಿಂಗ್ ಇರಬೇಕಾದ ಜಾಗದಲ್ಲಿ ಕಪ್ಪು ಬಿಲ್ಲೆಯೊಂದು ಕೂತಿತ್ತು. ಮುಟ್ಟಿದರೆ ಕಂಬಳಿಯ ತುಂಡಿನ ಹಾಗೆ ಗಟ್ಟಿ. ಪೂರ್ತಿ ಕೂದಲು. ನಡುನಡುವೆ ಸೀರೆಯ ಎರಡು ಜರಿ ಎಳೆ, ಕಾಲೊರಸಿನ ಒಂದು ಕೆಂಪು ದಾರ. ಇನ್ನೊಂದು ತುದಿಯಲ್ಲೂ ಹಾಗೇ ಇತ್ತು.

ಈ ಬ್ರಷ್ ಯಾಕೆ ಬೇಕು, ಗಾಳಿ ಎಳೆದರೆ ಸಾಲದೇ ಅಂತ ಚಿಕ್ಕ ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ ಅವಳ ತಲೆಯ ಮೇಲೇ ಇತ್ತು: ಸೀಲಿಂಗ್ ಫ್ಯಾನ್. ನಿಮಿಷಕ್ಕೆ 350 ಸುತ್ತು ತಿರುಗುವ ಮಾಮೂಲಿ ಫ್ಯಾನಿನ ರೆಕ್ಕೆಯ ತುದಿ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆದರೂ ಆ ರೆಕ್ಕೆಯ ಮೇಲೆ ಧೂಳು ಕೂರುತ್ತದೆ, ಅಲ್ವಾ? ಅಷ್ಟು ವೇಗದ ಗಾಳಿಗೂ ಅದು ಹಾರಿಹೋಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಾತ್ರ ಬಿಡುತ್ತದೆ.

ಇದಕ್ಕೆ ಎರಡು ಕಾರಣ. ಯಾವುದೇ ವಸ್ತುವಿನ ಮೈಗೆ ತೀರಾ ಹತ್ತಿರದಲ್ಲಿ ಗಾಳಿ ತುಂಬಾ ನಿಧಾನವಾಗಿರುತ್ತದೆ. ಮೈಗೆ ತಾಗಿರುವ ಪದರವಂತೂ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಸಣ್ಣ ಕಣ ಆ ನಿಂತ ಪದರದೊಳಗೆ ಅಡಗಿ ಕೂತುಬಿಡುತ್ತದೆ. ಮೇಲೆ ಬಿರುಗಾಳಿ ಬೀಸಿದರೂ ಅದಕ್ಕೆ ತಾಗುವುದು ಸ್ವಲ್ಪವೇ. ಎರಡನೆಯದು ಅಂಟು. ಹತ್ತಿರ ಬಂದ ಎರಡು ವಸ್ತುಗಳ ಅಣುಗಳು ಒಂದನ್ನೊಂದು ಸಣ್ಣಗೆ ಎಳೆಯುತ್ತವೆ. ಕಲ್ಲಿಗೆ ಈ ಎಳೆತ ಲೆಕ್ಕಕ್ಕೇ ಇಲ್ಲ, ಧೂಳಿಗೆ ಮಾತ್ರ ಅದೇ ದೊಡ್ಡದು. ಕಣದ ಅಗಲ ಹತ್ತು ಪಟ್ಟು ಕಡಿಮೆಯಾದರೆ ಅದರ ತೂಕ ಸಾವಿರ ಪಟ್ಟು ಇಳಿಯುತ್ತದೆ, ಅಂಟು ಇಳಿಯುವುದು ಸುಮಾರು ಹತ್ತೇ ಪಟ್ಟು. ಹೀಗಾಗಿ ಧೂಳು ಸಣ್ಣದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಅಂಟು ಜಾಸ್ತಿ. ಗಾಳಿ ಅದನ್ನು ಹೊತ್ತುಕೊಂಡು ಹೋಗಬಲ್ಲದು, ಆದರೆ ಮೊದಲು ಯಾರಾದರೂ ಅದನ್ನು ಕಿತ್ತು ಮೇಲೆ ಎಬ್ಬಿಸಿಕೊಡಬೇಕು. ಬ್ರಷ್ ಮಾಡುವ ಕೆಲಸ ಅದೇ. ಅದು ನಿಂತರೆ ಯಂತ್ರ ಕೂಗುತ್ತಲೇ ಇರುತ್ತದೆ, ಜಮಖಾನದ ಎಳೆಗಳ ನಡುವಿನ ಧೂಳು ಕದಲುವುದಿಲ್ಲ.

ಮೊದಲಿನ ವ್ಯಾಕ್ಯೂಮ್ ಕ್ಲೀನರಿಗೆ ಈ ತಿರುಗುವ ಬ್ರಷ್ ಇರಲಿಲ್ಲ. 1901ರಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ಲಂಡನ್ನಿನಲ್ಲಿ ಮಾಡಿದ ಯಂತ್ರ ಕುದುರೆ ಗಾಡಿಯಷ್ಟು ದೊಡ್ಡದು. ಅದು ಬೀದಿಯಲ್ಲೇ ನಿಲ್ಲುತ್ತಿತ್ತು, ಉದ್ದನೆಯ ಕೊಳವೆಗಳು ಕಿಟಕಿಯಿಂದ ಮನೆಯೊಳಗೆ ಹೋಗುತ್ತಿದ್ದವು. ಗಾಳಿಯ ಬಲವೇ ಅದರ ಬಂಡವಾಳ. ಬ್ರಷ್ ಸೇರಿಸಿ ಯಂತ್ರವನ್ನು ಕೈಗೆ ಸಿಗುವಷ್ಟು ಚಿಕ್ಕದು ಮಾಡಿದ್ದು ಅಮೆರಿಕದ ಓಹಾಯೋ ರಾಜ್ಯದ ಕ್ಯಾಂಟನ್ ಊರಿನ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅಂಗಡಿಯೊಂದರಲ್ಲಿ ನೆಲ ಗುಡಿಸುವ ಕೆಲಸ. ವಯಸ್ಸು ಅರವತ್ತರ ಹತ್ತಿರ. ಜೊತೆಗೆ ಉಬ್ಬಸ. ಗುಡಿಸಿದಾಗ ಏಳುವ ಧೂಳು ಎದೆಗೆ ಆಗುತ್ತಿರಲಿಲ್ಲ. ಫ್ಯಾನಿನ ಮೋಟಾರು, ಪೊರಕೆಯ ಕೋಲು, ಧೂಳು ಹಿಡಿಯಲು ಒಂದು ದಿಂಬಿನ ಚೀಲ ಜೋಡಿಸಿ ತನಗೆ ಬೇಕಾದ ಯಂತ್ರವನ್ನು ತಾನೇ ಮಾಡಿಕೊಂಡ. 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ತಿರುಗುವ ಬ್ರಷ್ ಆಗಲೇ ಅದರಲ್ಲಿತ್ತು. ಆ ಪೇಟೆಂಟನ್ನು ಕೊಂಡವರು ಹೂವರ್ ಮನೆತನದವರು. ಮುಂದೆ ಹಲವು ಕಡೆ ವ್ಯಾಕ್ಯೂಮ್ ಕ್ಲೀನರಿಗೆ ಅವರ ಹೆಸರೇ ಆಗಿಹೋಯಿತು. ಸ್ಪ್ಯಾಂಗ್ಲರನ ಹೆಸರು ಹಿಂದೆ ಬಿತ್ತು. ನನಗೆ ಅದು ಬೇಸರದ ವಿಷಯ. ನಮ್ಮ ಕೈಯಲ್ಲಿರುವ ಹೆಡ್‌ನ ಮೂಲ ಅವನ ಆ ಕೆಮ್ಮಿನಲ್ಲಿದೆ.

ಈಗ ಕೂದಲಿಗೆ ಬರೋಣ. ಒಂದು ಕೂದಲೆಳೆಯ ದಪ್ಪ ಒಂದು ಮಿಲಿಮೀಟರಿನ ಹದಿನೈದನೇ ಒಂದು ಭಾಗದಷ್ಟು. ಬೆರಳಲ್ಲಿ ಎಳೆದರೆ ಪಟ್ ಅಂತ ಕಿತ್ತು ಬರುತ್ತದೆ. ಅದು ಹೇಗೆ ಮೋಟಾರನ್ನು ನಿಲ್ಲಿಸುತ್ತದೆ?

ಹಳ್ಳಿಯಲ್ಲಿ ಬೆಳೆದವರು ಒಂದು ದೃಶ್ಯ ನೋಡಿರುತ್ತೀರಿ. ಹೋರಿ ಜಗ್ಗಿದರೆ ಹುಡುಗ ಹಗ್ಗವನ್ನು ಸುಮ್ನೆ ಕೈಯಲ್ಲಿ ಹಿಡಿದು ನಿಲ್ಲುವುದಿಲ್ಲ, ಕಂಬಕ್ಕೆ ಎರಡು ಸುತ್ತು ಹಾಕುತ್ತಾನೆ. ಆಮೇಲೆ ತುದಿಯನ್ನು ಎರಡು ಬೆರಳಲ್ಲಿ ಹಿಡಿದರೂ ಹೋರಿ ನಿಲ್ಲುತ್ತದೆ. ಹಗ್ಗಕ್ಕೂ ಕಂಬಕ್ಕೂ ನಡುವಿನ ತಿಕ್ಕಾಟ ಒಂದೊಂದು ಸುತ್ತಿಗೂ ಗುಣಿಸುತ್ತಾ ಹೋಗುತ್ತದೆ. ಸಾಧಾರಣ ತಿಕ್ಕಾಟ ಇದ್ದರೆ ಒಂದು ಸುತ್ತಿಗೆ ಆರೂವರೆ ಪಟ್ಟು ಬಲ. ಎರಡು ಸುತ್ತಿಗೆ ನಲವತ್ತಕ್ಕಿಂತ ಜಾಸ್ತಿ. ಮೂರಕ್ಕೆ ಸುಮಾರು 285. ಈ ಲೆಕ್ಕವನ್ನು 18ನೇ ಶತಮಾನದಲ್ಲೇ ಆಯ್ಲರ್ ಎಂಬ ಗಣಿತಜ್ಞ ಬರೆದಿಟ್ಟಿದ್ದಾನೆ.

ಈಗ 60 ಸೆಂಟಿಮೀಟರ್ ಉದ್ದದ ಒಂದು ಕೂದಲು ತಗೊಳ್ಳಿ. ಬ್ರಷ್ ಉರುಳೆ ನಾಲ್ಕು ಸೆಂಟಿಮೀಟರ್ ದಪ್ಪವಿದ್ದರೆ ಅದರ ಮೇಲೆ ಈ ಕೂದಲು ಹತ್ತಿರ ಹತ್ತಿರ ಐದು ಸುತ್ತು ಬರುತ್ತದೆ. ಉರುಳೆ ತಿರುಗುತ್ತಾ ಬಡಿಯುತ್ತಾ ಇರುವಾಗ ಕೂದಲು ಪಕ್ಕಕ್ಕೆ ಸರಿಯುತ್ತದೆ. ತೆಳ್ಳಗಿನ ಜಾಗ ಸಿಕ್ಕರೆ ಅಲ್ಲಿಗೆ ಜಾರುತ್ತದೆ. ತೆಳ್ಳಗಿನ ಜಾಗ ಇರುವುದು ತುದಿಯಲ್ಲಿ, ಬೇರಿಂಗ್ ಹತ್ತಿರ. ಅಲ್ಲಿ ದಂಡದ ದಪ್ಪ ಎಂಟು ಮಿಲಿಮೀಟರ್ ಅಷ್ಟೇ. ಅದೇ ಕೂದಲು ಅಲ್ಲಿ ಸುಮಾರು 24 ಸುತ್ತು! ಅಷ್ಟು ಸುತ್ತಾದ ಮೇಲೆ ಅದು ಎಳೆದರೆ ಬಿಚ್ಚಿಕೊಳ್ಳುವುದೇ ಇಲ್ಲ, ಕತ್ತರಿಸಲೇಬೇಕು.

ಸುತ್ತಿದ ಪ್ರತಿ ಎಳೆಯೂ ಒಳಗಡೆಗೆ ಒತ್ತುತ್ತದೆ. ಒಂದರ ಮೇಲೊಂದು ಬಂದಂತೆ ಆ ಒತ್ತಡ ಕೂಡುತ್ತಾ ಹೋಗುತ್ತದೆ. ನೈಲಾನ್ ದಾರವನ್ನು ಜಗ್ಗಿ ಜಗ್ಗಿ ಸುತ್ತಿದರೆ ಪ್ಲಾಸ್ಟಿಕ್ ಬಾಬಿನ್ ನುಜ್ಜಾಗುವುದು ಹೊಲಿಗೆಯವರಿಗೆ ಗೊತ್ತು. ಇಲ್ಲಿ ಆಗುವುದೂ ಅದೇ. ಕೂದಲಿನ ಮೈಯಲ್ಲಿ ಮೀನಿನ ಹಾಗೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ, ಎಲ್ಲವೂ ತುದಿಯ ಕಡೆಗೆ ಮುಖ ಮಾಡಿ. ಅವು ಒಂದಕ್ಕೊಂದು ಸಿಕ್ಕಿ ಬಿಗಿಯುತ್ತವೆ. ಕುರಿಯ ಉಣ್ಣೆ ಒತ್ತಿ ಉಜ್ಜಿದರೆ ಗಟ್ಟಿ ಹಾಳೆಯಾಗುವುದೂ ಇದರಿಂದಲೇ. ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬೇರೆ. ಎಣ್ಣೆಗೆ ನುಣ್ಣನೆ ಧೂಳು ಸೇರಿದರೆ ಅಂಟಾಗುತ್ತದೆ.

ತೆಗೆದ ಎರಡೂ ಬಿಲ್ಲೆಗಳನ್ನು ಅಕ್ಕನ ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಕಾಗದದ ಮೇಲಿಟ್ಟು ತೂಗಿದೆ. ಎರಡು ಗ್ರಾಂ. ಒಂದು ಮೀಟರ್ ಕೂದಲು ಸುಮಾರು ಐದು ಮಿಲಿಗ್ರಾಂ ತೂಗುತ್ತದೆ. ಹಾಗೆ ಲೆಕ್ಕ ಹಾಕಿದರೆ ಆ ಎರಡು ಬಿಲ್ಲೆಗಳಲ್ಲಿ 400 ಮೀಟರ್ ಕೂದಲಿತ್ತು. ಮಕ್ಕಳಿಬ್ಬರೂ ಬಾಯಿ ಬಿಟ್ಟು ನೋಡಿದರು. ಅದೇನೂ ವಿಚಿತ್ರವಲ್ಲ. ಒಬ್ಬರ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಸೊಂಟದುದ್ದ ಕೂದಲಿದ್ದರೆ ದಿನಕ್ಕೆ 30 ಮೀಟರಿಗೂ ಮಿಗಿಲು, ಒಬ್ಬರದ್ದೇ.

ಬೇರಿಂಗ್ ಹೀಗೆ ಬಿಗಿಯಾದಾಗ ಮೋಟಾರಿನ ಒಳಗೆ ಆಗುವುದನ್ನು ನೋಡಿದರೆ ಅಕ್ಕನ "ಅರ್ಧ ಗಂಟೆ"ಯ ಗುಟ್ಟು ಬಿಡುತ್ತದೆ. ತಿರುಗುವ ಮೋಟಾರು ಒಂದು ಸಣ್ಣ ಜನರೇಟರ್ ಕೂಡ ಹೌದು. ತಿರುಗುತ್ತಿರುವಾಗ ಅದು ಬ್ಯಾಟರಿಗೆ ಎದುರಾಗಿ ತಾನೂ ಒಂದಿಷ್ಟು ವೋಲ್ಟೇಜ್ ಹುಟ್ಟಿಸುತ್ತದೆ. ಅದರಿಂದಲೇ ಹರಿಯುವ ಕರೆಂಟ್ ಹಿಡಿತದಲ್ಲಿರುತ್ತದೆ. ತಿರುಗುವುದು ನಿಂತರೆ ಆ ಎದುರೇಟು ಮಾಯ. ಕರೆಂಟ್ ಹಲವು ಪಟ್ಟು ನುಗ್ಗುತ್ತದೆ. ಐದು ಪಟ್ಟು ಕರೆಂಟ್ ಅಂದರೆ ತಂತಿಯಲ್ಲಿ ಹುಟ್ಟುವ ಬಿಸಿ 25 ಪಟ್ಟು. ಹಾಗೇ ಬಿಟ್ಟರೆ ಸುರುಳಿ ಸುಟ್ಟು ಕರಕಲಾಗುತ್ತದೆ.

ಅದನ್ನು ತಪ್ಪಿಸಲು ಅನೇಕ ಹೆಡ್‌ಗಳಲ್ಲಿ ಒಂದು ಕಾವಲು ಇರುತ್ತದೆ. ನೋಡಲು ಹಳದಿ ಬಣ್ಣದ ಚಪ್ಪಟೆ ಗುಂಡಿಯ ಹಾಗೆ. ಪ್ಲಾಸ್ಟಿಕ್ಕಿನೊಳಗೆ ಇಂಗಾಲದ ಕಣಗಳನ್ನು ತುಂಬಿರುತ್ತಾರೆ. ತಣ್ಣಗಿರುವಾಗ ಕಣಕ್ಕೆ ಕಣ ತಾಗಿ ಕರೆಂಟ್ ಹರಿಯುತ್ತದೆ. ಬಿಸಿಯಾದರೆ ಪ್ಲಾಸ್ಟಿಕ್ ಉಬ್ಬಿ ಕಣಗಳು ದೂರವಾಗುತ್ತವೆ, ದಾರಿ ಕಡಿಯುತ್ತದೆ. ತಣ್ಣಗಾದ ಮೇಲೆ ಮತ್ತೆ ಒಂದಾಗುತ್ತವೆ. ಫ್ಯೂಸ್ ಹೀಗಲ್ಲ, ಒಮ್ಮೆ ಹೋದರೆ ಹೋಯಿತು. ಇದು ಎಷ್ಟೋ ಸಲ ಮತ್ತೆ ಮತ್ತೆ ಕಾಯುತ್ತದೆ. ಒಂದು ಮಾತು ನೆನಪಿಡಿ: ಬ್ರಷ್ ನಿಂತ ಮೇಲೂ ಸ್ವಿಚ್ ಆನ್ ಇಟ್ಟರೆ ಸಣ್ಣ ಕರೆಂಟ್ ಹರಿಯುತ್ತಲೇ ಇದ್ದು ಈ ಗುಂಡಿಯನ್ನು ಬಿಸಿಯಾಗಿಯೇ ಇಡುತ್ತದೆ. ಪೂರ್ತಿ ಆಫ್ ಮಾಡಿದರೆ ಮಾತ್ರ ಅದು ಆರುತ್ತದೆ. ಕೆಲವು ಯಂತ್ರಗಳಲ್ಲಿ ಇದೇ ಕೆಲಸವನ್ನು ಚಿಪ್ ಮಾಡುತ್ತದೆ. ನಿಂತುಹೋದ ಬ್ರಷ್ ಎಷ್ಟೋ ಸಲ ಕೆಟ್ಟ ಯಂತ್ರವೇ ಅಲ್ಲ, ತನ್ನನ್ನು ತಾನು ಕಾಪಾಡಿಕೊಂಡ ಯಂತ್ರ. ಅದನ್ನು ಕಸಕ್ಕೆ ಹಾಕಿ ಎನ್ನುವುದು ನನಗೆ ನಿಜಕ್ಕೂ ಸಂಕಟ ಕೊಡುತ್ತದೆ.

ಎಲ್ಲ ಸಲವೂ ಕೂದಲೇ ಕಾರಣ ಅಂತಲ್ಲ. ಕೈಯಲ್ಲಿ ತಿರುಗಿಸಿದಾಗ ಉರುಳೆ ತೀರಾ ಸಲೀಸಾಗಿ ಗಿರ್ ಅಂತ ತಿರುಗಿದರೆ, ಬೆಲ್ಟ್ ಇರುವ ಹೆಡ್‌ನಲ್ಲಿ ಬೆಲ್ಟ್ ತುಂಡಾಗಿದೆ ಅಥವಾ ಹಲ್ಲು ಸವೆದಿದೆ ಎಂದು ಅರ್ಥ. ಬೆಲ್ಟ್ ಹೆಡ್‌ನಷ್ಟು ದುಬಾರಿಯಲ್ಲ. ಬಿಗಿಯೂ ಇಲ್ಲ, ಸಡಿಲವೂ ಇಲ್ಲ, ಆದರೂ ತಿರುಗುತ್ತಿಲ್ಲ ಎಂದರೆ ಕರೆಂಟ್ ತಲುಪುತ್ತಿಲ್ಲ ಎಂಬ ಅನುಮಾನ. ಕೊಳವೆ ಮತ್ತು ಹೆಡ್ ಸೇರುವಲ್ಲಿ ಇರುವ ಲೋಹದ ಪಿನ್ನುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ ನೋಡಿ. ಹೆಡ್‌ನ ಕತ್ತು ದಿನಾ ಆ ಕಡೆ ಈ ಕಡೆ ಮಡಚುವುದರಿಂದ ಒಳಗಿನ ತಂತಿ ಕಡಿಯುವುದೂ ಉಂಟು. ಅದನ್ನು ಬಲ್ಲವರ ಕೈಗೇ ಕೊಡಬೇಕು. ಇಷ್ಟೆಲ್ಲ ನೋಡುವ ಮೊದಲು ಬ್ರಷ್ ಆಫ್ ಮಾಡುವ ಗುಂಡಿಯನ್ನು ಯಾರಾದರೂ ಒತ್ತಿಬಿಟ್ಟಿದ್ದಾರಾ ಅಂತ ಒಮ್ಮೆ ನೋಡಿಕೊಳ್ಳಿ.

ಇನ್ನು ಕೆಲವು ಹೆಡ್‌ಗಳಿಗೆ ಮೋಟಾರೇ ಇರುವುದಿಲ್ಲ. ಒಳಗೆ ಬರುವ ಗಾಳಿಯೇ ಸಣ್ಣ ಚಕ್ರವೊಂದನ್ನು ತಿರುಗಿಸಿ ಬ್ರಷ್ ಓಡಿಸುತ್ತದೆ. ಅಲ್ಲಿ ಬ್ರಷ್ ನಿಧಾನವಾಯಿತು ಎಂದರೆ ಚೀಲ ತುಂಬಿರಬಹುದು, ಫಿಲ್ಟರ್ ಕಟ್ಟಿರಬಹುದು, ಕೊಳವೆಯಲ್ಲಿ ಕಾಗದ ಸಿಕ್ಕಿರಬಹುದು. ಇದನ್ನು ಕಿವಿಯಲ್ಲೇ ಪತ್ತೆ ಮಾಡಬಹುದು. ಗಾಳಿಯ ದಾರಿ ಕಟ್ಟಿದಾಗ ಯಂತ್ರದ ಸದ್ದು ಕೀರಲಾಗುತ್ತದೆ. ಮೋಟಾರು ಕಷ್ಟಪಡುತ್ತಿದೆ ಅಂತ ನಮಗೆ ಅನಿಸುತ್ತದೆ, ಆದರೆ ಆಗುತ್ತಿರುವುದು ಉಲ್ಟಾ. ಹೊತ್ತು ಸಾಗಿಸಲು ಗಾಳಿಯೇ ಕಡಿಮೆಯಾದ ಮೇಲೆ ಅದರ ಫ್ಯಾನಿಗೆ ಭಾರ ಇಳಿದು ವೇಗ ಏರುತ್ತದೆ. ಕೊಳವೆಯ ಬಾಯಿಗೆ ಒಂದು ಕ್ಷಣ ಅಂಗೈ ಅಡ್ಡ ಹಿಡಿದರೆ ಅದೇ ಸದ್ದು ಕೇಳಬಹುದು.

ಅಕ್ಕನ ಹೆಡ್‌ಗೆ ಇದ್ಯಾವುದೂ ಬೇಕಾಗಲಿಲ್ಲ. ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆಯಿಂದ ದಂಡದ ಉದ್ದಕ್ಕೂ ಕೂದಲನ್ನು ಸೀಳಿ, ಉಳಿದದ್ದನ್ನು ಚಿಮಟದಲ್ಲಿ ಹಿಡಿದು ತೆಗೆದೆವು. ಬೆಲ್ಟಿಗೆ ಮೊನೆ ತಾಗದ ಹಾಗೆ ದೊಡ್ಡ ಮಗಳು ಬೆರಳು ಅಡ್ಡ ಹಿಡಿದಿದ್ದಳು. ಒಂದು ಮುಚ್ಚಳದ ಅಂಚು ಬಿಸಿಗೆ ಸ್ವಲ್ಪ ಕರಗಿ ಸೊಟ್ಟಗಾಗಿತ್ತು. ಇನ್ನೂ ಎರಡು ವಾರ ಓಡಿಸಿದ್ದರೆ ಅದು ಕೆಲಸಕ್ಕೆ ಬರುತ್ತಿರಲಿಲ್ಲ. ಬೇರಿಂಗ್ ಒಳಗಿದ್ದ ಕೊನೆಯ ನಾಲ್ಕೈದು ಎಳೆ ತೆಗೆಯಲಿಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಬೆರಳಲ್ಲಿ ತಳ್ಳಿದರೆ ಉರುಳೆ ಐದಾರು ಸುತ್ತು ತಾನಾಗಿ ಬಂತು. ಮುಚ್ಚಳ ಕೂರಿಸಿ, ನಾಣ್ಯದಿಂದ ಬಿಗಿ ಮಾಡಿ, ಬ್ಯಾಟರಿ ಹಾಕಿದೆವು.

ಮಂಚದ ಕೆಳಗಿನ ಜಮಖಾನದ ಮೇಲೆ ಹತ್ತು ನಿಮಿಷ ಓಡಿಸಿದಳು ಅಕ್ಕ. ನಿಲ್ಲಲಿಲ್ಲ. ಹೆಡ್‌ನ ಮೈ ಮುಟ್ಟಿ ನೋಡಿದೆ, ತಣ್ಣಗಿತ್ತು. ಧೂಳಿನ ಡಬ್ಬದಲ್ಲಿ ಒಂದು ಬೆರಳೆತ್ತರ ಬೂದು ಪುಡಿ ಬಂದು ಕೂತಿತ್ತು. "ಇಷ್ಟು ದಿನ ಇದೆಲ್ಲ ಅಲ್ಲೇ ಇತ್ತಾ!" ಎಂದು ಅವಳು ಡಬ್ಬವನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಮಕ್ಕಳ ಕೋಣೆಗೆ ತಗೊಂಡು ಹೋದಳು.