ವಿಳಂಬ ಯಾವ ಬಾಗಿಲಿಗೆ, ಎಷ್ಟು ಹೊತ್ತು?

ಮನೆಗೆ ಅಲಾರಂ ವ್ಯವಸ್ಥೆ ಹಾಕಿಸುವವರಲ್ಲಿ ಅನೇಕರು ಎಲ್ಲ ಬಾಗಿಲುಗಳಿಗೂ ಸೈರನ್ ಕೂಗುವ ಮುನ್ನ ಒಂದೊಂದು ನಿಮಿಷದ ವಿಳಂಬ ಇರಲಿ ಎಂದು ಕೇಳುತ್ತಾರೆ. ನಾನು ಇದಕ್ಕೆ ಒಪ್ಪುವುದಿಲ್ಲ. ವಿಳಂಬವಿರಬೇಕಾದದ್ದು ಮನೆಯವರು ನಿತ್ಯ ಬೀಗ ತೆಗೆದು ಒಳಬರುವ ಬಾಗಿಲಿಗೆ ಮಾತ್ರ. ಆ ಬಾಗಿಲು ತೆರೆದ ಕ್ಷಣವೇ ಅಲಾರಂ ನಿಯಂತ್ರಿಸುವ ಪೆಟ್ಟಿಗೆಯಾದ ಪ್ಯಾನಲ್‌ಗೆ ಸುದ್ದಿ ತಲುಪುತ್ತದೆ; ಆದರೆ ಅದು ಸೈರನ್ ಕೂಗಿಸದೆ ಸೆಕೆಂಡುಗಳನ್ನು ಎಣಿಸತೊಡಗುತ್ತದೆ, ಗಡುವಿನೊಳಗೆ ಕೀಪ್ಯಾಡ್‌ನಲ್ಲಿ ಪಿನ್ ಒತ್ತಿದರೆ ಎಣಿಕೆ ನಿಲ್ಲುತ್ತದೆ, ಇಲ್ಲವಾದರೆ ಸೈರನ್ ಕೂಗುತ್ತದೆ. ಹಿತ್ತಿಲ ಬಾಗಿಲು ಮತ್ತು ಕಿಟಕಿಗಳು ತಕ್ಷಣದ ವಲಯದಲ್ಲಿರಬೇಕು, ಅಂದರೆ ತೆರೆದ ಕೂಡಲೇ ಸೈರನ್ ಕೂಗಬೇಕು. ಹೊಗೆ ಸೆನ್ಸರ್ ಹಾಗೂ ತುರ್ತು ಗುಂಡಿಗೆ ವಿಳಂಬದ ಮಾತೇ ಇಲ್ಲ.

ಬಾಗಿಲಿನಿಂದ ಕೀಪ್ಯಾಡ್‌ವರೆಗಿನ ದಾರಿಯಲ್ಲಿರುವ ಚಲನೆ ಸೆನ್ಸರ್‌ನದು ಸ್ವಲ್ಪ ಸೂಕ್ಷ್ಮ ವಿಚಾರ. ಅದನ್ನು ಹಿಂಬಾಲಕ ವಲಯಕ್ಕೆ ಸೇರಿಸಿದರೆ, ಮುಂಬಾಗಿಲು ಮೊದಲು ತೆರೆದಿದ್ದಾಗ ಅದೂ ಅದೇ ಗಡುವಿನಲ್ಲಿ ಕಾಯುತ್ತದೆ. ಕಿಟಕಿಯ ಸರಳು ಕತ್ತರಿಸಿ ಒಳಹೊಕ್ಕವನು ನೇರವಾಗಿ ಹಾಲ್‌ಗೆ ಕಾಲಿಟ್ಟರೆ ಕೂಡಲೇ ಸೈರನ್ ಕೂಗಿಸುತ್ತದೆ. ಒಂದೇ ಸೆನ್ಸರ್, ಎರಡು ಬಗೆಯ ವರ್ತನೆ. ವ್ಯತ್ಯಾಸವೆಲ್ಲ ಪ್ಯಾನಲ್‌ಗೆ ಯಾವುದು ಮೊದಲು ಸುದ್ದಿ ಕೊಟ್ಟಿತು ಎಂಬ ಕ್ರಮದಲ್ಲಿದೆ. ಈ ಸೆನ್ಸರ್‌ಗೆ ಸ್ವತಂತ್ರ ವಿಳಂಬ ಕೊಟ್ಟಿರುವ ಮನೆಗಳಲ್ಲಿ ಕಿಟಕಿಯಿಂದ ಬಂದವನಿಗೂ ಪುಕ್ಕಟೆ ಸಮಯ ಸಿಗುತ್ತದೆ.

ಗಡುವಿನ ವಿಷಯದಲ್ಲಿ ಯುರೋಪಿನ ಇಎನ್ 50131-1 ಮಾನದಂಡವು ಪ್ರವೇಶದ ವಿಳಂಬಕ್ಕೆ 45 ಸೆಕೆಂಡುಗಳ ಮಿತಿ ಹಾಕಿದರೆ, ಸುಳ್ಳು ಅಲಾರಂ ತಗ್ಗಿಸಲೆಂದೇ ರೂಪಿಸಿದ ಅಮೆರಿಕದ ಸಿಪಿ-01 ಮಾನದಂಡವು ಕನಿಷ್ಠ 30 ಸೆಕೆಂಡು ಇರಲೇಬೇಕೆನ್ನುತ್ತದೆ. ಒಂದಕ್ಕೆ ಕಳ್ಳನಿಗೆ ಸಿಗುವ ಸಮಯದ ಚಿಂತೆ, ಇನ್ನೊಂದಕ್ಕೆ ಗಾಬರಿಯಲ್ಲಿ ಪಿನ್ ತಪ್ಪಾಗಿ ಒತ್ತುವ ಮನೆಯವರ ಚಿಂತೆ. ನನ್ನ ಪದ್ಧತಿ ಸರಳ: ಮನೆಯ ಹಿರಿಯರು ಕೈಯಲ್ಲಿ ಚೀಲ ಹಿಡಿದು ಬೀಗ ತೆಗೆದು, ಕೀಪ್ಯಾಡ್ ಬಳಿ ಬಂದು ಪಿನ್ ಒತ್ತುವಷ್ಟು ಹೊತ್ತನ್ನು ಅಳೆದು, ಅದಕ್ಕೆ ತುಸು ಸೇರಿಸುತ್ತೇನೆ. ಅದು 45 ಸೆಕೆಂಡು ದಾಟಿದರೆ ಕೀಪ್ಯಾಡನ್ನೇ ಬಾಗಿಲ ಹತ್ತಿರಕ್ಕೆ ತರುವುದು ಒಳ್ಳೆಯದು. ಹೊರಡುವಾಗ ಅಲಾರಂ ಹಾಕಿ ಬಾಗಿಲು ದಾಟಲು ಇರುವ ಗಡುವು ಇದಕ್ಕಿಂತ ಉದಾರವಾಗಿರಬಹುದು.

ವಿಳಂಬದ ಆ ಅವಧಿಯಲ್ಲೇ ಪ್ಯಾನಲ್ ಒಡೆದುಹಾಕಲು ಕಳ್ಳ ಪ್ರಯತ್ನಿಸಬಹುದು. ಆದ್ದರಿಂದ ಪ್ಯಾನಲ್ ಕೀಪ್ಯಾಡ್‌ನ ಪಕ್ಕದಲ್ಲಿರಬಾರದು. ಒಳಗಿನ ಬೇರೊಂದು ಕೋಣೆಯಲ್ಲಿರಬೇಕು, ಮತ್ತು ಆ ಕೋಣೆಯ ಸೆನ್ಸರನ್ನು ಹಿಂಬಾಲಕ ವಲಯಕ್ಕೆ ಸೇರಿಸದೆ ತಕ್ಷಣದ ವಲಯದಲ್ಲೇ ಉಳಿಸಬೇಕು.